ನಾಲ್ಕು ಅಕ್ಷರದೊಳಗೆ ನಾನಿಲ್ಲ

'ದೊಡ್ಡವಳು ಮಾತಿನ ಮಲ್ಲಿ, ಚಿಕ್ಕವಳು ಮೂಕಿ.' ಇಂತಹ ಮಾತನ್ನು ನಿಮ್ಮ ಮನೆಯಲ್ಲೂ ನೀವು ಕೇಳಿರಬಹುದು. ನಮ್ಮ ಮನೆಯ ಚಿಕ್ಕವಳು ನಾನು. ನೆಂಟರು ಬಂದಾಗಲೆಲ್ಲ ಉಮ್ಮ ಹೀಗೆನ್ನುತ್ತಿದ್ದರು. ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ನಾನು ಅದನ್ನು ಹಾಗೆಯೇ ನಂಬಿದೆ.

ಎಷ್ಟೋ ವರ್ಷಗಳ ನಂತರ ಅದೇ ಮಾತನ್ನು ಕಂಪ್ಯೂಟರ್ ಹೇಳಿತು. ನಾನು ದುಡಿಯುತ್ತಿದ್ದ ಖಾಸಗಿ ಕಚೇರಿಯಲ್ಲಿ ಒಂದು ದಿನ ಎಲ್ಲರಿಗೂ ವ್ಯಕ್ತಿತ್ವ ಪರೀಕ್ಷೆ ಇಟ್ಟರು. ಜನರ ನಡುವೆ ಇರಲು ಇಷ್ಟವೋ, ಒಂಟಿಯಾಗಿರಲು ಇಷ್ಟವೋ ಎಂಬಂತಹ ಪ್ರಶ್ನೆಗಳು. ಕೊನೆಗೆ ನಾಲ್ಕು ಇಂಗ್ಲಿಷ್ ಅಕ್ಷರಗಳು ಬಂದವು. ಮೊದಲನೆಯದು 'ಐ'. ಅಂದರೆ ಅಂತರ್ಮುಖಿ.

ಸ್ವಲ್ಪ ದಿನಗಳಲ್ಲೇ ವಿಭಾಗದ ಹೊಣೆ ನನಗಿಂತ ಕಿರಿಯರೊಬ್ಬರ ಪಾಲಾಯಿತು. "ನಿಮ್ಮ ಸ್ವಭಾವಕ್ಕೆ ಅದು ಒಗ್ಗುವುದಿಲ್ಲ" ಎಂದರು ಮೇಲಧಿಕಾರಿ, ನಗುತ್ತಲೇ. ಆರು ವರ್ಷ ಸಿಟ್ಟಿಗೆದ್ದ ಗ್ರಾಹಕರನ್ನು ಸಮಾಧಾನಪಡಿಸುತ್ತಾ ಬಂದವಳು ನಾನು. ಆದರೂ ಆಗ ಬಾಯಿ ಬಿಡಲಿಲ್ಲ. ನನ್ನ ಮೌನವೇ ಅವರ ಮಾತಿಗೆ ಸಾಕ್ಷಿಯಾಯಿತು!

ಈ ಪರೀಕ್ಷೆಯ ಮೂಲ ಯಾವುದೆಂದು ಹುಡುಕಿದಾಗ ನನಗೆ ಆಶ್ಚರ್ಯವಾಯಿತು. ಇದರ ಹೆಸರು ಮೈಯರ್ಸ್-ಬ್ರಿಗ್ಸ್. ಇದನ್ನು ರೂಪಿಸಿದವರು ಅಮೆರಿಕದ ತಾಯಿ-ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಾಬೆಲ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರವನ್ನು ಕ್ರಮವಾಗಿ ಕಲಿತವರಲ್ಲ. ಮಗಳು ಪತ್ತೇದಾರಿ ಕಾದಂಬರಿಗಳನ್ನು ಬರೆದವರು. ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥವೇ ಅವರಿಗೆ ಆಧಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಹೊಸದಾಗಿ ದುಡಿಯಲು ಹೊರಟ ಹೆಂಗಸರಿಗೆ ಒಪ್ಪುವ ಕೆಲಸ ಸಿಗಲಿ ಎಂಬ ಸದುದ್ದೇಶವೂ ಅದರ ಹಿಂದಿತ್ತು. ಹೆಣ್ಣಿಗೆ ದಾರಿ ತೋರಿಸಲು ಹೊರಟದ್ದು ನನ್ನ ದಾರಿಗೇ ಅಡ್ಡ ನಿಂತಿತ್ತು.

ಇದು ಮನುಷ್ಯರನ್ನು 16 ಗುಂಪುಗಳಾಗಿ ವಿಂಗಡಿಸುತ್ತದೆ. ಆದರೆ ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಎಷ್ಟೋ ಮಂದಿಗೆ ಬೇರೆ ಅಕ್ಷರ ಬರುತ್ತದೆ. ನೌಕರಿಗೆ ಜನರನ್ನು ಆರಿಸಲು ಇದನ್ನು ಬಳಸಬಾರದೆಂದು ಇದನ್ನು ನಡೆಸುವ ಸಂಸ್ಥೆಯೇ ಹೇಳುತ್ತದೆ.

ಹಾಗಾದರೆ ಫಲಿತಾಂಶ ಓದಿದಾಗ 'ಇದು ನಾನೇ' ಅನಿಸುವುದೇಕೆ? 1948ರಲ್ಲಿ ಬರ್ಟ್ರಂ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, ಪ್ರತಿಯೊಬ್ಬರಿಗೂ ಅವರ ಸ್ವಭಾವದ ವಿವರ ಕೊಟ್ಟರು. ಎಲ್ಲರೂ ಮೆಚ್ಚಿ ಐದಕ್ಕೆ ಸರಾಸರಿ 4.26 ಅಂಕ ನೀಡಿದರು. ವಾಸ್ತವದಲ್ಲಿ ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ. ಅದರ ಹೆಚ್ಚಿನ ವಾಕ್ಯಗಳು ಜ್ಯೋತಿಷ್ಯದ ಪುಸ್ತಕದಿಂದ ತೆಗೆದವು!

ಹಾಗೆಂದು ಎಲ್ಲ ಪರೀಕ್ಷೆಗಳೂ ನಿರುಪಯುಕ್ತವಲ್ಲ. ಸಂಶೋಧಕರು ಹೆಚ್ಚು ನಂಬುವ 'ಬಿಗ್ ಫೈವ್' ಪದ್ಧತಿ ಮನುಷ್ಯನನ್ನು ಪೆಟ್ಟಿಗೆಗೆ ಹಾಕುವುದಿಲ್ಲ, ಐದು ಗುಣಗಳು ಎಷ್ಟೆಷ್ಟಿವೆ ಎಂದಷ್ಟೇ ಅಳೆಯುತ್ತದೆ. ಆದರೂ ಒಬ್ಬರ ಕೆಲಸವನ್ನು ಅರಿಯಲು ಅವರು ಮಾಡಿದ ಕೆಲಸವನ್ನೇ ನೋಡಬೇಕಲ್ಲವೇ?

ಇಷ್ಟೆಲ್ಲ ತಿಳಿದ ಮೇಲೂ ನಾನು ಮಾಡಿದ್ದೇನು ಗೊತ್ತೇ? ಒಂದು ಸಂಜೆ ನೆರೆಮನೆಯವರ ಮುಂದೆ ನನ್ನ ಮಗಳನ್ನು ತೋರಿಸಿ, "ಇವಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ" ಎಂದುಬಿಟ್ಟೆ. ಅವಳು ಮೆಲ್ಲನೆ ಬಾಗಿಲ ಮರೆಗೆ ಸರಿದಳು. ನನ್ನೆದೆ ಧಸಕ್ಕೆಂದಿತು. ಅಲ್ಲಿ ನಿಂತದ್ದು ನಾನೇ.

ಮರುದಿನ ಮೇಲಧಿಕಾರಿಯ ಬಳಿ ಹೋಗಿ ನನ್ನ ಆರು ವರ್ಷಗಳ ಕೆಲಸದ ಕಡತ ಮುಂದಿಟ್ಟೆ. ದನಿ ನಡುಗುತ್ತಿತ್ತು, ಆದರೆ ಹೇಳಬೇಕಾದುದನ್ನು ಹೇಳಿಯೇ ಬಂದೆ. ಆ ಹುದ್ದೆ ನನಗೆ ಸಿಗಲಿಲ್ಲ. ಆದರೆ ಅಂದಿನಿಂದ ರಾತ್ರಿ ಮಗಳ ಜೊತೆ ಲೆಕ್ಕದ ಪುಸ್ತಕ ಹಿಡಿದು ಕೂರುತ್ತೇನೆ.

ಸಹೋದರಿಯರೇ, ನಿಮ್ಮ ಮಕ್ಕಳಿಗೂ ನಾಳೆ ಯಾವುದಾದರೂ ಕಚೇರಿ ಇಂತಹ ಅಕ್ಷರಗಳನ್ನು ಅಂಟಿಸಬಹುದು. ಅದಕ್ಕೂ ಮೊದಲು ಮನೆಯಲ್ಲಿ ನಾವೇ ಅಂಟಿಸದಿರೋಣ.