ಎಲ್ಲ ನುಸಿಯೂ ಒಂದಲ್ಲ

ನಾನು ಸಾಕಿರುವುದು ಐಸೊಪಾಡ್ ಅಂದರೆ ಕ್ಲಾಸಲ್ಲಿ ಬರುವ ಪ್ರಶ್ನೆ ಒಂದೇ: "ಅದೆಂತ ಮಾರಾಯ?" ಕೊಳೆತ ತೆಂಗಿನ ಸಿಪ್ಪೆ ಎತ್ತಿದರೆ ಕೆಳಗೆ ಬೂದು ಬಣ್ಣದ ಪುಟ್ಟ ಹುಳಗಳು ಓಡುತ್ತವಲ್ಲ, 14 ಕಾಲಿನವು, ಅವೇ. ನೋಡಲು ಹುಳ, ಸಂಬಂಧ ಮಾತ್ರ ಸಿಗಡಿ, ಏಡಿಗಳ ಜೊತೆ. ಉಸಿರಾಡಲು ತೇವ ಬೇಕೇ ಬೇಕು. ಕೊಯಿಲದ ನಮ್ಮ ಮನೆಯಲ್ಲಿ ಒಂದು ಡಬ್ಬದ ತುಂಬ ಅವಿವೆ. ನಾನು ಹಾಸ್ಟೆಲಲ್ಲಿರುವಾಗ ತಂಗಿಯೇ ಅವುಗಳ ವಾರ್ಡನ್.

ಈ ಜುಲೈಯಲ್ಲಿ ಅವಳ ಫೋನ್ ಬಂತು. "ಅಣ್ಣ, ಡಬ್ಬದಲ್ಲಿ ಬಿಳಿ ಬಿಳಿ ಚುಕ್ಕಿ ಓಡಾಡ್ತಾ ಉಂಟು. ಅಜ್ಜ ನುಸಿ ಅಂತ ಹೇಳ್ತಾರೆ. ಎಲ್ಲ ಸುಟ್ಟುಬಿಡು ಅಂತಾರೆ." ಆ ವಾರ ಮೂರು ತಾಯಂದಿರ ಹೊಟ್ಟೆಯಡಿಯ ಚೀಲದಲ್ಲಿ ಮೊಟ್ಟೆಗಳಿದ್ದವು. ಅವಳ ಧ್ವನಿ ನಡುಗುತ್ತಿತ್ತು.

ಅಜ್ಜನ ಭಯಕ್ಕೆ ಕಾರಣ ಉಂಟು. ನುಸಿ ಅಂದ ಕೂಡಲೇ ಅವರಿಗೆ ನೆನಪಾಗುವುದು ತೆಂಗು. 1998ರಲ್ಲಿ ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಕಂಡ ತೆಂಗಿನ ನುಸಿ ಆಮೇಲೆ ಕರ್ನಾಟಕಕ್ಕೂ ಬಂತು. ಎಳೆಕಾಯಿಯ ತೊಟ್ಟಿನಡಿ ಅಡಗಿ ರಸ ಹೀರುತ್ತದೆ. ಸಿಪ್ಪೆ ಕಂದಾಗಿ ಬಿರಿಯುತ್ತದೆ, ಕಾಯಿ ಸಣ್ಣದಾಗಿಯೇ ಉಳಿಯುತ್ತದೆ. ಅದನ್ನು ನೋಡಿದವರು ತೋಟದ ಪಕ್ಕ ನುಸಿ ಡಬ್ಬ ಇಡಲು ಒಪ್ಪುತ್ತಾರಾ?

ಆದರೆ ನುಸಿ ಅಂದರೆ ಒಂದು ಜೀವಿ ಅಲ್ಲ, ದೊಡ್ಡ ಬಳಗ. ಹೆಸರಿಟ್ಟ ಜಾತಿಗಳೇ ಸುಮಾರು 50,000. ಹಸುವಿನ ಉಣ್ಣಿಯೂ ಇದೇ ಬಳಗದ್ದು, ಜೇನು ಪೆಟ್ಟಿಗೆಯ ವರ್ರೋವವೂ ಇದೇ ಬಳಗದ್ದು. ತೆಂಗಿನ ನುಸಿಗೆ ಇರುವುದು ನಾಲ್ಕೇ ಕಾಲು, ಉದ್ದ ಕಾಲು ಮಿಲಿಮೀಟರು. ಅದು ಓಡಾಡುವುದು ಬರಿಗಣ್ಣಿಗೆ ಕಾಣುವುದಿಲ್ಲ. ತಂಗಿಗೆ ಕಂಡಿತು ಅಂದಮೇಲೆ ಇದು ಬೇರೆಯೇ.

ಶನಿವಾರ ಊರಿಗೆ ಹೋಗಿ ಲೆನ್ಸ್ ಹಿಡಿದು ಕೂತೆ. ಬಿಳಿ ಚುಕ್ಕಿಯಲ್ಲಿ ಮೂರು ಸಾಧ್ಯತೆ. ಉದ್ದಗಿದ್ದು, ಮುಟ್ಟಿದರೆ ಚಂಗನೆ ಹಾರಿದರೆ ಸ್ಪ್ರಿಂಗ್‌ಟೇಲ್, ಅದು ಬೂಸ್ಟು ತಿನ್ನುವ ಸ್ನೇಹಿತ. ತಾಯಿಯ ಆಕಾರದಲ್ಲೇ ಇದ್ದರೆ ಐಸೊಪಾಡ್ ಮರಿ. ಗುಂಡಗೆ, ಎಂಟು ಕಾಲು, ನಿಧಾನ ನಡಿಗೆ ಆದರೆ ನುಸಿ. ನಮ್ಮದು ಮೂರನೆಯದು. ಕೆಲವು ಐಸೊಪಾಡ್‌ಗಳ ಬೆನ್ನಿಗೂ ಅಂಟಿದ್ದವು. ತಂಗಿಗೆ ಅದೇ ಹೆದರಿಕೆ. ಆದರೆ ಈ ಥರದ ಬೂಸ್ಟು ನುಸಿಗಳ ಮರಿಗಳಿಗೆ ಒಂದು ಹಂತದಲ್ಲಿ ತಿನ್ನಲು ಬಾಯಿಯೇ ಇರುವುದಿಲ್ಲ. ಬೇರೆ ಜೀವಿಯ ಮೈ ಹತ್ತಿ ಹೊಸ ಜಾಗಕ್ಕೆ ಹೋಗುತ್ತವೆ, ಅಷ್ಟೇ. ರಕ್ತ ಹೀರುವವರಲ್ಲ, ಬಸ್ ಪ್ರಯಾಣಿಕರು.

ಅಪ್ಪ ಕೀಟನಾಶಕ ಹೊಡೆಯುವ ಅಂದರು. ನುಸಿ ಸಾಯುವ ವಿಷಕ್ಕೆ ಐಸೊಪಾಡ್ ಉಳಿಯುವ ನಂಬಿಕೆ ನನಗಿರಲಿಲ್ಲ. ಹಾಗಾಗಿ ನುಸಿಯನ್ನು ಬಿಟ್ಟು ಅದರ ಊಟದ ಹಿಂದೆ ಬಿದ್ದೆವು. ಉಳಿದ ತರಕಾರಿ ಚೂರು, ಬೂಸ್ಟು ಹಿಡಿದ ಎಲೆ ಹೊರಗೆ. ಮುಚ್ಚಳಕ್ಕೆ ಇನ್ನಷ್ಟು ತೂತು. ಒಂದು ಬದಿ ಮಾತ್ರ ತೇವ, ಇನ್ನೊಂದು ಒಣ. ಹೊಸ ಎಲೆ ಕುದಿಸಿ ಆರಿಸಿಯೇ ಒಳಗೆ. ರಾತ್ರಿ ಒಂದು ಸೌತೆಕಾಯಿ ಚೂರು ಇಡುವುದು, ಬೆಳಿಗ್ಗೆ ಅದಕ್ಕೆ ಮುತ್ತಿದ ನುಸಿ ಸಮೇತ ಬಿಸಿನೀರಿಗೆ ಹಾಕುವುದು. ಮೊದಲು ಐಸೊಪಾಡ್‌ಗಳನ್ನು ಬ್ರಶ್ಶಿಂದ ಕೆಳಗಿಳಿಸಬೇಕು. ಈ ಡ್ಯೂಟಿ ಪೂರ್ತಿ ತಂಗಿಯದ್ದು.

ಮೂರು ವಾರಕ್ಕೆ ಸೌತೆಯ ಮೇಲೆ ಲೆಕ್ಕ ಮಾಡುವಷ್ಟೇ ನುಸಿ ಉಳಿದವು. ಪೂರ್ತಿ ಸೊನ್ನೆ ಆಗಲಿಲ್ಲ, ಆಗಬೇಕಾಗಿಯೂ ಇಲ್ಲ. ಕೊಳೆತ ಎಲೆ ಇರುವಲ್ಲಿ ನುಸಿ ಇದ್ದೇ ಇರುತ್ತದೆ, ಅತಿಯಾದಾಗ ಮಾತ್ರ ತೊಂದರೆ. ಲ್ಯಾಬಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದರೆ ನಾವು ಬೋರ್ಡನ್ನೇ ಬಿಸಾಡುವುದಿಲ್ಲ, ಮೊದಲು ಎಲ್ಲಿ ತಪ್ಪಿದೆ ಅಂತ ಹುಡುಕುತ್ತೇವೆ. ಜೀವ ಇರುವ ಡಬ್ಬಕ್ಕೆ ಅಷ್ಟಾದರೂ ತಾಳ್ಮೆ ಬೇಡವಾ?

ಅಜ್ಜ ಇನ್ನೂ ಡಬ್ಬವನ್ನು ತೋಟದ ಕಡೆ ಬಿಡುವುದಿಲ್ಲ. ಆದರೆ ಲೆನ್ಸ್ ಕೇಳಿ ಪಡೆದು ಒಂದು ಎಳೆ ತೆಂಗಿನಕಾಯಿಯ ತೊಟ್ಟು ಬಿಡಿಸಿ ನೋಡಿದರಂತೆ. ಮೂರೂ ತಾಯಂದಿರು ಮರಿ ಹಾಕಿದ್ದಾವೆ. ಯಾರಿಗಾದರೂ ಬೇಕಾದರೆ ಹೇಳಿ, ಡಬ್ಬ ಮಾತ್ರ ನೀವೇ ತನ್ನಿ.