ಹ್ಯೂಸ್ಟನ್ನಿನ ಆಟದ ಬಯಲು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಟೆಕ್ಸಾಸ್ ಪ್ರಾಂತದ ಅತಿ ದೊಡ್ಡ ಪಟ್ಟಣ ಹ್ಯೂಸ್ಟನ್. 1836ರಲ್ಲಿ ಬಫಲೋ ಬೈಯು ಎಂಬ ಮಂದಗಾಮಿನಿಯಾದ ಹೊಳೆಯ ತೀರದಲ್ಲಿ ಹುಟ್ಟಿದ ಈ ನಗರವು ಇಂದು ಕಲ್ಲೆಣ್ಣೆಯ ವ್ಯಾಪಾರಕ್ಕೂ ಗಗನಯಾತ್ರಿಗಳ ಶಿಕ್ಷಣಕ್ಕೂ ಹೆಸರುವಾಸಿಯಾಗಿದೆ. ಕನ್ನಡದ ಕುಟುಂಬಗಳೂ ಅಲ್ಲಿ ನೆಲೆಸಿರುವುವು. ಮಗಳ ಮನೆಯಲ್ಲಿ ನಾವು ಕೆಲವು ವಾರ ತಂಗಿದ್ದಾಗ ಅಳಿಯಂದಿರು ನಮ್ಮನ್ನು ಅಲ್ಲಿಯ ಬೇಸ್‌ಬಾಲ್ ಬಯಲಿಗೆ ಕರೆದೊಯ್ದರು. ಮ್ಯೂಸಿಯಂ, ಉದ್ಯಾನಗಳಿಗಿಂತ ಅದೇ ನಮ್ಮ ಮನಸ್ಸಿನಲ್ಲಿ ಹೆಚ್ಚಾಗಿ ನಿಂತಿತು.

ಈ ಬಯಲಿನ ಮಹಾದ್ವಾರವು ಹಿಂದೆ ರೈಲ್ವೆ ನಿಲ್ದಾಣವಾಗಿದ್ದಿತು. 1911ರಲ್ಲಿ ಕಟ್ಟಿದ ಆ ಯೂನಿಯನ್ ಸ್ಟೇಷನ್ನನ್ನು ಕೆಡವದೆ, ಅದಕ್ಕೆ ಸೇರಿಸಿಯೇ ಆಟದ ಬಯಲನ್ನು ರಚಿಸಿ 2000ದಲ್ಲಿ ತೆರೆದರು. ಮೇಲ್ಛಾವಣಿಯನ್ನು ಬೇಕಾದಾಗ ಮುಚ್ಚಬಹುದು, ಬೇಡವಾದಾಗ ಸರಿಸಬಹುದು. ಎಡಗಡೆಯ ಗೋಡೆಯ ಮೇಲೆ ಕಂಬಿಗಳ ಮೇಲೊಂದು ರೈಲು ಎಂಜಿನ್ ನಿಂತಿದೆ. ಊರಿನ ಪಕ್ಷದವನು ಚೆಂಡನ್ನು ಗೋಡೆಯಾಚೆಗೆ ಹೊಡೆದಾಗಲೆಲ್ಲ ಅದು ಹರ್ಷಸೂಚಕವಾಗಿ ಓಡುವುದು. ಬಹುಕಾಲ ಮಿನಿಟ್ ಮೇಯ್ಡ್ ಪಾರ್ಕ್ ಎಂದು ಕರೆಯಿಸಿಕೊಂಡ ಈ ಸ್ಥಳಕ್ಕೆ 2025ರಿಂದ ಡೈಕಿನ್ ಪಾರ್ಕ್ ಎಂಬ ಹೆಸರಾಗಿದೆ.

ಕ್ರಿಕೆಟ್ ಬಲ್ಲ ವಾಚಕರಿಗೆ ಈ ಆಟವನ್ನು ತಿಳಿಸುವುದು ಕಷ್ಟವಲ್ಲ. ಪಕ್ಷಕ್ಕೆ ಒಂಬತ್ತು ಮಂದಿ, ಒಂಬತ್ತು ಇನ್ನಿಂಗ್ಸ್. ಪ್ರತಿಯೊಂದರಲ್ಲಿಯೂ ಮೂವರು ಔಟಾದೊಡನೆ ಎದುರಾಳಿಗಳ ಸರದಿ. ದಾಂಡಿಗನು ನಿಲ್ಲುವ ಸ್ಥಾನಕ್ಕೆ ‘ಮನೆ’ ಎಂದೇ ಹೆಸರು. ಅಲ್ಲಿಂದ ಹೊರಟು, 90 ಅಡಿಗಳ ಅಂತರದಲ್ಲಿರುವ ಮೂರು ಠಾಣೆಗಳನ್ನು ಮುಟ್ಟಿ, ಮರಳಿ ಮನೆಗೆ ಬಂದರೆ ಒಂದು ಓಟ. ಸ್ಥಳೀಯರಿಗೆ ಪ್ರತಿ ಇನ್ನಿಂಗ್ಸಿನಲ್ಲಿಯೂ ಎರಡನೆಯ ಸರದಿ ದೊರೆಯುವುದರಿಂದ ಕೊನೆಯ ಅವಕಾಶ ಅವರದೇ. ಜನರ ಕೂಗಾಟವೂ ಅವರ ಕಡೆಗೇ. ಆದುದರಿಂದ ಪರಸ್ಥಳದಲ್ಲಿ ಗೆಲ್ಲುವುದು ಸುಲಭವಲ್ಲ.

‘ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ’ ಎಂಬ ನಮ್ಮ ಗಾದೆ 2019ರ ಅಕ್ಟೋಬರ್ ತಿಂಗಳಲ್ಲಿ ಇದೇ ಬಯಲಿನಲ್ಲಿ ತಲೆಕೆಳಗಾಯಿತು. ವರ್ಲ್ಡ್ ಸೀರೀಸ್ ಎಂಬ ಅಂತಿಮ ಸ್ಪರ್ಧೆಗೆ ಹ್ಯೂಸ್ಟನ್ನಿನ ಆಸ್ಟ್ರೋಸ್ ಪಕ್ಷವೂ ವಾಷಿಂಗ್ಟನ್ನಿನ ನ್ಯಾಷನಲ್ಸ್ ಪಕ್ಷವೂ ಬಂದಿದ್ದುವು. ಮೊದಲನೆಯದು ಆ ವರ್ಷ 107 ಆಟಗಳನ್ನು ಗೆದ್ದ ಪ್ರಬಲ ಪಕ್ಷ. ಎರಡನೆಯದಾದರೋ ಮೊದಲ 50 ಆಟಗಳಲ್ಲಿ 31ನ್ನು ಸೋತು, ಬಳಿಕ ಚೇತರಿಸಿಕೊಂಡದ್ದು. ವಾಷಿಂಗ್ಟನ್ ನಗರಕ್ಕೆ ಈ ಪದವಿ 1924ರ ಬಳಿಕ ಲಭಿಸಿರಲಿಲ್ಲ.

ಏಳರಲ್ಲಿ ನಾಲ್ಕು ಗೆದ್ದವರಿಗೆ ಜಯವೆಂದು ನಿಯಮ. ವಾಷಿಂಗ್ಟನ್ನಿನವರು ಮೊದಲನೆಯ ಆಟದಲ್ಲಿ 2 ಓಟ ಹಿಂದುಳಿದಿದ್ದೂ 5-4ರಿಂದ ಗೆದ್ದರು. ಎರಡನೆಯದನ್ನು 12-3ರಿಂದ ಗೆದ್ದರು. ಇನ್ನು ತಮ್ಮ ಊರಿನಲ್ಲಿ ಉತ್ಸವವೆಂದೇ ಎಲ್ಲರೂ ಭಾವಿಸಿದರು. ಆದರೆ ಅಲ್ಲಿ ನಡೆದ ಮೂರನ್ನೂ ಸೋತರು. ಮೂರರಲ್ಲಿಯೂ ಅವರಿಗೆ ದಕ್ಕಿದುದು ಒಂದೊಂದೇ ಓಟ. ತಲೆ ತಗ್ಗಿಸಿ ಅವರು ಮತ್ತೆ ಹ್ಯೂಸ್ಟನ್ನಿಗೆ ಬರಬೇಕಾಯಿತು. ಆರನೆಯ ಆಟದಲ್ಲಿ ಮೊದಲ ಇನ್ನಿಂಗ್ಸಿಗೇ 1-2ರಿಂದ ಹಿಂದೆ ಬಿದ್ದರೂ, ಸ್ಟೀಫನ್ ಸ್ಟ್ರಾಸ್‌ಬರ್ಗ್ ಎಂಬ ಎಸೆತಗಾರನು ಬಳಿಕ ಎದುರಾಳಿಗಳಿಗೆ ಒಂದು ಓಟವನ್ನೂ ಬಿಟ್ಟುಕೊಡದೆ ಒಂಬತ್ತನೆಯ ಇನ್ನಿಂಗ್ಸಿನವರೆಗೆ ಎಸೆದನು; ಆಟವು 7-2ರಿಂದ ಅವರದಾಯಿತು.

ಅಕ್ಟೋಬರ್ 30ರಂದು ನಡೆದ ಏಳನೆಯ ಆಟದಲ್ಲಿ ವಾಷಿಂಗ್ಟನ್ನಿನ ಪರವಾಗಿ ಎಸೆಯಲು ನಿಂತವನು ಮ್ಯಾಕ್ಸ್ ಶೆರ್ಜರ್. ಮೂರು ದಿನಗಳ ಹಿಂದೆ ಕುತ್ತಿಗೆಯ ನೋವಿನಿಂದ ತಾನಾಗಿ ಬಟ್ಟೆ ತೊಡಲೂ ಆಗದೆ ಐದನೆಯ ಆಟವನ್ನು ಬಿಟ್ಟಿದ್ದವನು ಅವನೇ. ಐದು ಇನ್ನಿಂಗ್ಸುಗಳಲ್ಲಿ ಎದುರಾಳಿಗಳು ಅವನ ಎಸೆತಗಳನ್ನು ಏಳು ಸಲ ಹೊಡೆದು ಠಾಣೆ ಸೇರಿದರು. ನಾಲ್ವರು ಹೊಡೆಯದೆಯೇ ಮೊದಲ ಠಾಣೆಗೆ ನಡೆದರು. ಆದರೂ ಮನೆ ಮುಟ್ಟಿದವರು ಇಬ್ಬರೇ. ಇತ್ತ ಹ್ಯೂಸ್ಟನ್ನಿನ ಜ್ಯಾಕ್ ಗ್ರೈಂಕೀ ಆರು ಇನ್ನಿಂಗ್ಸುಗಳಲ್ಲಿ ಒಂದೇ ಒಂದು ಹೊಡೆತಕ್ಕೆ ಎಡೆಗೊಟ್ಟಿದ್ದನು. ಸಭಿಕರಿಗೆ ಜಯ ಕೈಗೆ ಬಂದಂತೆಯೇ ತೋರಿತು.

ಏಳನೆಯ ಇನ್ನಿಂಗ್ಸಿನಲ್ಲಿ ಆಂಥೊನಿ ರೆಂಡನ್ ಚೆಂಡನ್ನು ಗೋಡೆಯಾಚೆಗೆ ಕಳುಹಿದನು. ಐದು ದಿನಗಳ ಹಿಂದೆಯಷ್ಟೇ 21 ವರ್ಷ ತುಂಬಿದ್ದ ವಾನ್ ಸೋಟೊ ತಾಳ್ಮೆಯಿಂದ ನಿಂತು, ಹೊಡೆಯದೆಯೇ ಮೊದಲ ಠಾಣೆಯನ್ನು ಪಡೆದನು. ಹ್ಯೂಸ್ಟನ್ನಿನವರು ಎಸೆತಗಾರನನ್ನು ಬದಲಾಯಿಸಿದರು. ಆಗ 36 ವರ್ಷದ ಹೌವೀ ಕೆಂಡ್ರಿಕ್ ಹೊಡೆದ ಚೆಂಡು ಬಲಗಡೆಯ ಎಲ್ಲೆಯ ಕಂಬಕ್ಕೇ ತಗುಲಿತು. ಕಂಬವು ಎಲ್ಲೆಯ ಒಳಗೆಂದೇ ನಿಯಮವಿರುವುದರಿಂದ ಇಬ್ಬರೂ ಮನೆ ಸೇರಿದರು: 3-2. ಕೊನೆಗೆ 6-2. ಏಳಕ್ಕೆ ಏಳು ಆಟಗಳನ್ನೂ ಪರಸ್ಥಳದವರೇ ಗೆದ್ದದ್ದು ಈ ಸ್ಪರ್ಧೆಯ ಚರಿತ್ರೆಯಲ್ಲಿ ಅದೇ ಮೊದಲು.

ಆ ಕಂಬವನ್ನು ಅಳಿಯಂದಿರು ನಮಗೆ ತೋರಿಸಿದರು. ನಾವು ಅದನ್ನು ನೋಡಿದೆವು. ಆದರೆ ನಮ್ಮ ಯೋಚನೆ ಬಯಲಿನ ನಡುವಣ ಮಣ್ಣಿನ ದಿಬ್ಬದ ಕಡೆಗೆ, ಶೆರ್ಜರ್ ನಿಂತಿದ್ದ ಎಡೆಗೆ ಹರಿಯಿತು. ಜಯ, ಪರಾಜಯ ಎಂಬೆರಡು ಶಬ್ದಗಳಿಗೂ ಧಾತು ಒಂದೇ. ಉಪಸರ್ಗವೊಂದರಿಂದ ಅರ್ಥವೇ ತಿರುಗುವುದೆಂದು ನಾವು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದೆವು. ಹಾಗೆ ತಿರುಗಬೇಕಾದರೆ ಸೋಲು ಕೈಮೀರಿರಬಾರದು. ಕೆಂಡ್ರಿಕ್ಕನ ಹೊಡೆತವನ್ನು ಲೋಕವೇ ಕೊಂಡಾಡಿತು. ಅದಕ್ಕೆ ಮುಂಚೆ ಶೆರ್ಜರ್ ಎರಡರ ಬದಲು ಆರು ಓಟಗಳನ್ನು ಬಿಟ್ಟುಕೊಟ್ಟಿದ್ದರೆ ಆ ಹೊಡೆತದಿಂದ ಏನಾಗುತ್ತಿದ್ದಿತು? ನೋವಿನಲ್ಲಿದ್ದವನೊಬ್ಬನು ನಷ್ಟವನ್ನು ಬೆಳೆಯಗೊಡದೆ ಹಿಡಿದು ನಿಂತದ್ದರಿಂದಲೇ ಮುಂದಿನವನ ಸಾಹಸಕ್ಕೆ ಬೆಲೆ ಬಂದಿತು.

ಸಂಸಾರಗಳಲ್ಲಿಯೂ ಇಂಥವರುಂಟು. ಬೆಳೆ ಕೆಟ್ಟ ವರ್ಷ, ಸಂಬಳ ನಿಂತ ತಿಂಗಳು, ಮನೆಯಲ್ಲಿ ಕಾಯಿಲೆ ಹೊಕ್ಕ ದಿನಗಳಲ್ಲಿ ಸಾಲವು ಮೇಲೇರದಂತೆ, ಮಕ್ಕಳ ಓದು ನಿಲ್ಲದಂತೆ ಕೈಹಿಡಿದು ನಡೆಸಿದವರು ಅವರು. ಮುಂದೆ ಮಗನೋ ಮಗಳೋ ಮನೆಯನ್ನು ಎತ್ತಿ ನಿಲ್ಲಿಸಿದಾಗ ಜನರು ಅವರನ್ನು ಹೊಗಳುವರು, ಹೊಗಳತಕ್ಕದ್ದೇ. ಹಿಂದಿನ ಐದು ಇನ್ನಿಂಗ್ಸುಗಳನ್ನು ಯಾರು ಕಾದರೆಂಬುದನ್ನೂ ಮನೆಯವರು ಆಗಾಗ ನೆನೆಯುವುದು ಒಳ್ಳೆಯದು.