ಅಕ್ಷರಚೌರ್ಯವೂ ಅಂಕಿತಮುದ್ರೆಯೂ

ಅಕ್ಷರಚೌರ್ಯವು ಹೊಸತಲ್ಲ. ಏಳನೆಯ ಶತಮಾನದ ಬಾಣಭಟ್ಟನು ‘ಹರ್ಷಚರಿತ’ದ ಪೀಠಿಕೆಯಲ್ಲಿಯೇ, ವರ್ಣಗಳನ್ನು ಅದಲುಬದಲು ಮಾಡಿ ಪರರ ಕೃತಿಯನ್ನು ತನ್ನದೆನ್ನುವ ಕವಿಚೋರನನ್ನು ಹಳಿದಿರುವನು. ರಾಜಶೇಖರನಂತೂ ‘ಕಾವ್ಯಮೀಮಾಂಸೆ’ಯಲ್ಲಿ ಹರಣದ ಪ್ರಭೇದಗಳನ್ನೇ ವಿಂಗಡಿಸಿರುವನು. ಆದರೆ ಆ ಕಾಲದ ಚೋರನು ಕದಿಯುವ ಮುನ್ನ ಓದಲಾದರೂ ಓದುತ್ತಿದ್ದನು. ಇಂದಿನ ಚೋರನು ಬಾಟ್ ಎಂಬ ಯಂತ್ರ. ಅದಕ್ಕೆ ಓದುವ ಗೊಡವೆಯೇ ಇಲ್ಲ.

ಸಾಲೆಯ ಸೇವೆಯಿಂದ ನಿವೃತ್ತನಾದ ಬಳಿಕ ನಾನು ದಡ್ಡಿಯಲ್ಲಿದ್ದುಕೊಂಡು, ನಮ್ಮ ಹುಕ್ಕೇರಿ ಗೋಕಾಕ ಸೀಮೆಯ ಮಕ್ಕಳಿಗೆ ಉಪಯೋಗವಾಗಲೆಂದು ಸಂಸ್ಕೃತ ಸಂಧಿಗಳ ಪಾಠಗಳನ್ನು ಒಂದು ಜಾಲತಾಣದಲ್ಲಿ ಬರೆಯುತ್ತಿರುವೆನು. ಹುಡುಕಿದವರಿಗೆ ಅವು ಗೂಗಲ್ಲಿನಲ್ಲಿ ಮೊದಲಿಗೇ ದೊರೆಯುತ್ತಿದ್ದವು. ಕಳೆದ ವರ್ಷ ಅನಾಮಧೇಯ ತಾಣವೊಂದು ಅವೆಲ್ಲವನ್ನೂ ಹೊತ್ತೊಯ್ದು ಜಾಹೀರಾತುಗಳ ನಡುವೆ ಹರಡಿತು. ಕೆಲವನ್ನು ಇದ್ದಂತೆಯೇ ಇಟ್ಟಿತು. ಕೆಲವದರಲ್ಲಿ ಕಳವು ತಿಳಿಯದಿರಲೆಂದು ಪರ್ಯಾಯಪದಗಳನ್ನು ತುರುಕಿತು. ಗುಣಸಂಧಿಯು ‘ಸ್ವಭಾವಸಂಧಿ’ಯಾಯಿತು, ಸವರ್ಣದೀರ್ಘವು ‘ಒಂದೇ ಬಣ್ಣದ ಉದ್ದ’ವಾಯಿತು! ಬಾಲಕಿಯೊಬ್ಬಳು ಇದನ್ನೇ ಬಾಯಿಪಾಠ ಮಾಡಿಕೊಂಡು ಬಂದಾಗ ನನಗೆ ನಗೆಯೂ ಬಂದಿತು, ಸಂಕಟವೂ ಆಯಿತು. ನನ್ನ ಹೆಸರು ಹೋದರೆ ಹೋಗಲಿ. ಕೂಸಿನ ವಿದ್ಯೆ ಕೆಟ್ಟರೆ ತುಂಬಿಕೊಡುವವರಾರು?

ಒಂದೇ ಬರಹವು ಹಲವೆಡೆ ಕಂಡರೆ, ಹುಡುಕುಯಂತ್ರವು ಒಂದನ್ನು ಮೂಲವೆಂದು ಆರಿಸಿ ಮಿಕ್ಕವನ್ನು ಹಿಂದೆ ಸರಿಸುವುದು. ಆ ಆಯ್ಕೆಯಲ್ಲಿ ಒಮ್ಮೊಮ್ಮೆ ನಕಲೇ ಮುಂದಾಗಿ, ಮೂಲವು ಮರೆಯಾಗುವುದುಂಟು.

ಇದಕ್ಕೆ ಉಪಾಯವೇನು? 1994ರಲ್ಲಿ ಮಾರ್ಟೈನ್ ಕೋಸ್ಟರ್ ಎಂಬವರು ‘ರೋಬಾಟ್ಸ್’ ಕಡತದ ಪದ್ಧತಿಯನ್ನು ಸೂಚಿಸಿದರು. ಯಾವ ಯಂತ್ರ ಎಲ್ಲಿ ಬರಬಾರದೆಂದು ಅದರಲ್ಲಿ ಬರೆದಿಡಬಹುದು. ಆದರೆ ಅದು ಬಾಗಿಲ ಮೇಲಿನ ಫಲಕವಿದ್ದಂತೆ. ಸಭ್ಯರು ಓದಿ ಹಿಂದಿರುಗುವರು, ಕಳ್ಳನು ಲೆಕ್ಕಿಸನು. ಬಾಗಿಲನ್ನೇ ಭದ್ರಪಡಿಸೋಣವೆಂದರೆ ಬೇರೊಂದು ತೊಡಕು: ಕಳ್ಳಬಾಟ್‌ಗಳು ಗೂಗಲ್ಲಿನ ಹೆಸರು ಹೇಳಿಕೊಂಡೇ ಬರುವವು. ವಿಳಾಸವನ್ನು ಪರೀಕ್ಷಿಸದೆ ಆ ಹೆಸರಿನವರನ್ನೆಲ್ಲ ತಡೆದರೆ ನಿಜವಾದ ಗೂಗಲ್ಲೂ ಹೊರಗುಳಿದು, ಮನೆಯೊಡೆಯನ ಸ್ಥಾನಕ್ಕೇ ಚ್ಯುತಿಯುಂಟಾಗುವುದು.

ನನಗೆ ಹಿಡಿಸಿದ ಉಪಾಯವು ನಮ್ಮ ಶರಣರದು. ಬಸವಣ್ಣನವರ ವಚನವು ಎಲ್ಲಿಗೆ ಹೋದರೂ ‘ಕೂಡಲಸಂಗಮದೇವ’ ಎಂಬ ಅಂಕಿತವು ಅದರ ಒಡಲಲ್ಲಿಯೇ ಇರುವುದು. ಅಂತೆಯೇ ಪುಟದ ಒಳಬರಹದಲ್ಲಿ ಮೂಲವಿಳಾಸವನ್ನು ಸಾರುವ ‘ಕೆನಾನಿಕಲ್’ ಎಂಬ ಗುರುತಿಡಬಹುದು. ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂವರೂ ಇದನ್ನು 2009ರಲ್ಲಿ ಒಪ್ಪಿಕೊಂಡರು. ಪಾಠದ ನಡುನಡುವೆ ನಮ್ಮ ಬೇರೆ ಪಾಠಗಳ ಪೂರ್ಣವಿಳಾಸಗಳನ್ನೂ ಹೆಣೆಯಬೇಕು. ಕುರುಡುಯಂತ್ರವು ಕದ್ದ ಮಾಲಿನ ಸಂಗಡ ಒಡೆಯನ ಹೆಸರನ್ನೂ ಎಷ್ಟೋ ಸಲ ಹೊತ್ತೊಯ್ಯುವುದು. ಈ ಗುರುತುಗಳನ್ನು ಕಿತ್ತುಹಾಕಿದ ಚೋರನಿಗೆ ದೂರೇ ಮದ್ದು. ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾಯದೆಯು ಸಣ್ಣ ಲೇಖಕನಿಗೂ ಅನ್ವಯಿಸುವುದು. ಗೂಗಲ್ಲಿಗೆ ದೂರು ಬರೆಯಲು ಹಣ ಬೇಡ, ಮೂಲದ ಮತ್ತು ನಕಲಿನ ವಿಳಾಸಗಳನ್ನು ಒಂದೊಂದಾಗಿ ಬರೆಯುವ ತಾಳ್ಮೆ ಬೇಕು. ನಾನು ಹಾಗೆ ಬರೆದೆನು. ನಕಲುಗಳಲ್ಲಿ ಹೆಚ್ಚಿನವು ಹುಡುಕುಪಟ್ಟಿಯಿಂದ ಮರೆಯಾದವು.

ಪಾಠಗಳಿಗೆ ಬೀಗ ಹಾಕಿರೆಂದು ಸ್ನೇಹಿತರು ಹೇಳಿದರು. ನಾನು ಒಪ್ಪಲಿಲ್ಲ. ಕೊಟ್ಟಷ್ಟೂ ಬೆಳೆಯುವ ಧನಕ್ಕೆ ಬೀಗವೇಕೆ? ವಾಚಕ ಮಹಾಶಯರಲ್ಲಿ ನನ್ನ ವಿಜ್ಞಾಪನೆಯಿಷ್ಟೇ: ಮಕ್ಕಳು ಜಾಲದಲ್ಲಿ ಪಾಠ ಹುಡುಕುವಾಗ, ಬರೆದವರಾರು, ಯಾವ ಊರವರು ಎಂದು ಒಮ್ಮೆ ಕೇಳಿರಿ. ಉತ್ತರ ದೊರೆಯದ ಪುಟವನ್ನು ನಂಬುವ ಮುನ್ನ ಇನ್ನೊಂದು ಪುಟವನ್ನು ತೆರೆಯಿರಿ.